ಕೆಂಪಯ್ಯನಿಂದ ವಿಹಾನ್‌ವರೆಗೆ: ನಮ್ಮ ಊರುಗಳಲ್ಲಿ ಹೆಸರಿಡುವ ರೂಢಿ ಹೇಗೆ ಬದಲಾಯಿತು?

ತೋಟದಮನೆ, ತಿಪಟೂರು

ನಮ್ಮ ಗ್ರಾಮದ ಮತದಾರರ ಪಟ್ಟಿಯನ್ನು ಇತ್ತೀಚೆಗೆ ವಯಸ್ಸಿನ ಕ್ರಮದಲ್ಲಿ ಓದಿದೆ. ಎಂಬತ್ತು ದಾಟಿದವರಲ್ಲಿ ಕೆಂಪಯ್ಯ, ರಂಗಪ್ಪ, ಸಿದ್ಧಲಿಂಗಯ್ಯ, ಪುಟ್ಟಮ್ಮ, ತಾಯಮ್ಮ, ಹೊನ್ನಮ್ಮ ಇದ್ದಾರೆ. ಅರವತ್ತರ ಆಚೀಚೆ ನಾಗರಾಜು, ಶಿವಣ್ಣ, ಜಯಮ್ಮ, ಸರೋಜಮ್ಮ. ನಲವತ್ತರ ಹತ್ತಿರ ಮಂಜುನಾಥ, ರವಿಕುಮಾರ, ಗೀತಾ, ಸುಮಾ, ಶೋಭಾ. ಇಪ್ಪತ್ತೈದರ ಆಸುಪಾಸಿನಲ್ಲಿ ನವೀನ್, ದರ್ಶನ್, ದಿವ್ಯಾ, ಕಾವ್ಯಾ. ಪಟ್ಟಿಗೆ ಇನ್ನೂ ಸೇರದ ಅಂಗನವಾಡಿಯ ಮಕ್ಕಳು ಆರ್ಯನ್, ವಿಹಾನ್, ಅದ್ವಿಕ್, ಸಾನ್ವಿ, ಆದ್ಯಾ. ವಯಸ್ಸಿನ ಕಾಲಂ ಮುಚ್ಚಿಟ್ಟರೂ ಯಾರು ಯಾವ ದಶಕದಲ್ಲಿ ಹುಟ್ಟಿದವರೆಂದು ಬರೀ ಹೆಸರಿನಿಂದಲೇ ಬಹುಮಟ್ಟಿಗೆ ಹೇಳಬಹುದು.

ಬದಲಾವಣೆ ಆಗಲೇಬಾರದಿತ್ತು ಎಂಬುದು ನನ್ನ ಮಾತಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಹಿಂದೆ ಹೆಸರು ಕೇಳಿದರೆ ಸೀಮೆ ತಿಳಿಯುತ್ತಿತ್ತು. ಕೊಟ್ರೇಶ ಎಂದರೆ ಕೊಟ್ಟೂರಿನ ಕಡೆಯವರು, ಗವಿಸಿದ್ದಪ್ಪ ಎಂದರೆ ಕೊಪ್ಪಳದವರು, ತಿಪ್ಪೇಸ್ವಾಮಿ ಎಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಚಿತ್ರದುರ್ಗದ ಸೀಮೆಯವರು, ಶರಣಬಸಪ್ಪ ಎಂದರೆ ಕಲಬುರಗಿ, ಮುನಿಯಪ್ಪ ಅಥವಾ ಮುನಿರಾಜು ಎಂದರೆ ಕೋಲಾರ ಮತ್ತು ಬೆಂಗಳೂರಿನ ಸುತ್ತಮುತ್ತಲಿನವರು, ಚೆಲುವಯ್ಯ ಎಂದರೆ ಮೇಲುಕೋಟೆಯ ಒಕ್ಕಲು ಎಂದು ಊಹಿಸಿದರೆ ಹೆಚ್ಚಾಗಿ ತಪ್ಪುತ್ತಿರಲಿಲ್ಲ. ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರೊಬ್ಬರ ಕುಟುಂಬವನ್ನೇ ನೋಡಿ. ತಂದೆ ಸಿದ್ಧಲಿಂಗಪ್ಪ, ಮಗ ಯಡಿಯೂರಪ್ಪ. ಇಬ್ಬರ ಹೆಸರೂ ನಮ್ಮ ಜಿಲ್ಲೆಯ ಯಡಿಯೂರು ಸಿದ್ಧಲಿಂಗೇಶ್ವರನದೇ. ಮೊಮ್ಮಕ್ಕಳ ಕಾಲಕ್ಕೆ ರಾಘವೇಂದ್ರ, ವಿಜಯೇಂದ್ರ ಎಂಬ ಹೆಸರುಗಳು ಬಂದವು. ಮಾಜಿ ಪ್ರಧಾನಿ ದೇವೇಗೌಡರ ಮನೆಯಲ್ಲಿ ಮಕ್ಕಳು ರೇವಣ್ಣ, ಕುಮಾರಸ್ವಾಮಿ. ಕುಮಾರಸ್ವಾಮಿಯವರ ಮಗ ನಿಖಿಲ್. ಇದು ದೊಡ್ಡವರ ಮನೆಯ ವಿಶೇಷವೇನಲ್ಲ, ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಇದೇ ಕ್ರಮವಿದೆ.

ಈಗ ವಿಹಾನ್ ಎಂದರೆ ತಿಪಟೂರಿನವನೂ ಆಗಬಹುದು, ಜೈಪುರದವನೂ ಆಗಬಹುದು. ಈ ಸೀಮೆಯ ಗುರುತು ಕಳೆದುಹೋದದ್ದು ಹೇಗೆ, ಅದಕ್ಕೆ ಯಾವ ಕಾರಣಗಳಿದ್ದವು ಎಂದು ಬೇರೆ ಬೇರೆ ಭಾಗದವರಿಂದ ತಿಳಿಯುವ ಆಸೆಯಿಂದ ಈ ಚರ್ಚೆಯನ್ನು ಆರಂಭಿಸಿದ್ದೇನೆ. ನಿಮ್ಮ ಕಡೆಯ ಹೆಸರುಗಳನ್ನು ದಯವಿಟ್ಟು ಬರೆಯಿರಿ.

ಗದಗಿನ ಶಿಕ್ಷಕಿ

ನಮ್ಮ ಭಾಗದಲ್ಲಿ ಮೊದಲು ಮರೆಯಾದದ್ದು ಹೆಸರಿನ ಕೊನೆಯ ‘ಅವ್ವ’. ನಿಂಗವ್ವ, ಬಸವ್ವ, ಯಲ್ಲವ್ವ, ದ್ಯಾಮವ್ವ, ಗಂಗವ್ವ, ಪಾರವ್ವ: ಇವರ ಹೆಣ್ಣುಮಕ್ಕಳು ಶಾಂತಾ, ಶಾರದಾ, ಸುಮಿತ್ರಾ ಆದರು, ಮೊಮ್ಮಕ್ಕಳು ಅಶ್ವಿನಿ, ಪೂಜಾ, ಐಶ್ವರ್ಯಾ ಆದರು. ಗಂಡುಮಕ್ಕಳ ಹೆಸರಿನಲ್ಲಿ ‘ಅಪ್ಪ’ ಇನ್ನೊಂದು ತಲೆಮಾರು ಉಳಿಯಿತು ಎಂಬುದು ನಾನು ಶಾಲೆಯ ದಾಖಲಾತಿ ಪುಸ್ತಕಗಳನ್ನು ನೋಡುತ್ತಾ ಗಮನಿಸಿದ ಸಂಗತಿ. ತಂದೆಯ ಹೊಲ, ಮನೆತನ, ಅಜ್ಜನ ಹೆಸರು ಎಲ್ಲವೂ ಗಂಡುಮಗನಿಗೆ ಸೇರುತ್ತಿದ್ದ ಕಾರಣ ಅವನ ಹೆಸರನ್ನು ಬದಲಿಸಲು ಮನೆಯವರು ಹಿಂಜರಿಯುತ್ತಿದ್ದರು. ಬೇರೆ ಮನೆಗೆ ಹೋಗುವ ಹುಡುಗಿಯ ಹೆಸರಿನ ಮೇಲೆ ಅಂಥ ಹಿಡಿತವಿರಲಿಲ್ಲ, ಆದ್ದರಿಂದ ಹೊಸ ಹೆಸರು ಮೊದಲು ಅವಳಿಗೆ ಬಂತು.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಲ್ಲಿ ಒಂದು ತೊಡಕೂ ಇತ್ತು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ತೊಟ್ಟಿಲಲ್ಲಿರುವ ಮಗುವಿಗೆ ಅದೇ ಹೆಸರಿದ್ದರೆ ಅದನ್ನು ಕರೆಯುವುದಾದರೂ ಹೇಗೆ? ಹಾಗಾಗಿ ಅಜ್ಜಪ್ಪ, ಹಿರಿಯಪ್ಪ, ಮುತ್ತಪ್ಪ, ಸಣ್ಣಪ್ಪ, ಅಪ್ಪಣ್ಣ ಎಂಬ ಕರೆಯುವ ಹೆಸರುಗಳು ಹುಟ್ಟಿದವು. ಎಷ್ಟೋ ಸಲ ಅವೇ ಕಾಯಂ ಹೆಸರುಗಳಾಗಿ ಶಾಲೆಯ ಪುಸ್ತಕವನ್ನೂ ಸೇರಿದವು. ತೊಟ್ಟಿಲು ಶಾಸ್ತ್ರದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಆದರೆ ಆ ಹೆಸರನ್ನು ಆರಿಸುವವರು ಈಗ ಅಜ್ಜ, ಅಜ್ಜಿ, ಸೋದರತ್ತೆ ಯಾರೂ ಅಲ್ಲ. ತಾಯಿ ತಂದೆ ಮೊದಲೇ ಮೊಬೈಲಿನಲ್ಲಿ ಹುಡುಕಿ ಆರಿಸಿದ್ದನ್ನು ಸೋದರತ್ತೆ ಉಚ್ಚರಿಸುತ್ತಾಳೆ, ಅಷ್ಟೇ.

ಇನ್ನೊಂದು ನಷ್ಟವನ್ನು ಹೇಳದೆ ಇರಲಾರೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಹಿಂದೂ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ಧಾರಾಳವಾಗಿದ್ದವು. ಮೊಹರಮ್ಮಿಗೆ ಹರಕೆ ಹೊತ್ತವರು ಮಗನಿಗೆ ಹುಸೇನಪ್ಪ ಎಂದು ಹೆಸರಿಡುತ್ತಿದ್ದರು. ಮುಸ್ಲಿಂ ಮನೆಗಳಲ್ಲಿ ದಾವಲಸಾಬ, ರಾಜೇಸಾಬ, ಹುಸೇನಸಾಬ ಇದ್ದರು. ಅವರ ಮೊಮ್ಮಕ್ಕಳು ಈಗ ಅಯಾನ್, ರೆಹಾನ್. ಎರಡೂ ಕಡೆಯವರ ಹೊಸ ಹೆಸರುಗಳು ಚೆಂದವಾಗಿಯೇ ಇವೆ. ಆದರೆ ಒಂದೇ ಗದ್ದುಗೆಯ ಮುಂದೆ ಕೈಮುಗಿದು ಎರಡು ಸಮುದಾಯದವರು ತಂದುಕೊಳ್ಳುತ್ತಿದ್ದ ಹೆಸರು ಇನ್ನು ಹುಟ್ಟುವುದಿಲ್ಲ ಎಂಬುದು ನನಗೆ ನಿಜವಾದ ದುಃಖ.

ಕೊಳ್ಳೇಗಾಲದ ಓದುಗ

ತಿಪಟೂರಿನವರ ಬರಹವನ್ನು ಗೌರವದಿಂದ ಓದಿದೆ. ಹೆಸರು ಕೇಳಿದರೆ ಸೀಮೆ ತಿಳಿಯುತ್ತಿತ್ತು ಎಂದಿದ್ದೀರಿ. ಸೀಮೆಯೊಂದೇ ಅಲ್ಲ, ಕೇರಿಯೂ ತಿಳಿಯುತ್ತಿತ್ತು ಎಂಬುದನ್ನು ನಾನು ಸೇರಿಸಬೇಕಾಗಿದೆ.

ನಮ್ಮ ಮಲೆ ಮಹದೇಶ್ವರನ ಹೆಸರನ್ನೇ ತೆಗೆದುಕೊಳ್ಳಿ. ಬೆಟ್ಟದ ಮಾದಪ್ಪ ಎಲ್ಲರ ದೇವರು. ಆದರೆ ಅವನ ಹೆಸರು ಒಕ್ಕಲಿಗರ ಮನೆಯಲ್ಲಿ ಮಾದೇಗೌಡ ಆಯಿತು, ಲಿಂಗಾಯತರ ಮನೆಯಲ್ಲಿ ಮಹದೇವಪ್ಪ ಅಥವಾ ಮಹದೇವಸ್ವಾಮಿ ಆಯಿತು, ನಮ್ಮ ಕೇರಿಯಲ್ಲಿ ಬರೀ ಮಾದ ಆಯಿತು. ಮನೆಯಲ್ಲಿ ಮಾದಯ್ಯ ಎಂದು ಕರೆದರೂ ಹೊಲದ ಯಜಮಾನನ ಬಾಯಲ್ಲಿ ಅದು ಮಾದನೇ. ಕರಿಯ, ಕೆಂಪ, ಮಾರ, ಚಿಕ್ಕ, ಜವರ ಎಂದು ಹೆಸರಿನ ಬಾಲ ಕತ್ತರಿಸಿ ಏಕವಚನದಲ್ಲಿ ಕರೆಸಿಕೊಂಡ ಅಜ್ಜಂದಿರ ಮೊಮ್ಮಕ್ಕಳು ನಾವು. ಇದು ಆಕಸ್ಮಿಕವಾಗಿ ಬೆಳೆದ ಪದ್ಧತಿಯಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದ 31ನೆಯ ಶ್ಲೋಕವು ಬ್ರಾಹ್ಮಣನ ಹೆಸರು ಮಂಗಳವನ್ನೂ ಕ್ಷತ್ರಿಯನ ಹೆಸರು ಬಲವನ್ನೂ ವೈಶ್ಯನ ಹೆಸರು ಧನವನ್ನೂ ಸೂಚಿಸಬೇಕೆಂದು ವಿಧಿಸಿ, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಬೇಕು ಎನ್ನುತ್ತದೆ. ಊರಿನವರು ಆ ಶ್ಲೋಕವನ್ನು ಓದಿರಲಿಲ್ಲ, ಆದರೆ ಅದರಂತೆ ನಡೆದುಕೊಳ್ಳುತ್ತಿದ್ದರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ಧರ್ಮ ಸ್ವೀಕರಿಸಿದ ನಂತರದ ವರ್ಷಗಳಲ್ಲಿ, ನಮ್ಮ ರಾಜ್ಯದಲ್ಲಿ ವಿಶೇಷವಾಗಿ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹೋರಾಟ ಹಳ್ಳಿಗಳನ್ನು ತಲುಪಿದ ಮೇಲೆ, ಸಿದ್ಧಾರ್ಥ, ಗೌತಮ, ಅಶೋಕ, ಭೀಮರಾವ್, ಸುಜಾತಾ ಎಂಬ ಹೆಸರುಗಳು ನಮ್ಮ ಕೇರಿಗಳಿಗೆ ಬಂದವು. ಕರಿಯನ ಮಗ ಸಿದ್ಧಾರ್ಥನಾದದ್ದನ್ನು ಫ್ಯಾಷನ್ ಎಂದು ಕರೆಯಲು ನನಗೆ ಸಾಧ್ಯವಿಲ್ಲ. ಆ ಹೆಸರನ್ನು ಕತ್ತರಿಸಿ ಕರೆಯಲು ಯಜಮಾನರಿಗೂ ದಾರಿ ಸಿಗಲಿಲ್ಲ.

ಈಗಿನ ಆರ್ಯನ್, ವಿಹಾನ್‌ಗಳ ವಿಷಯಕ್ಕೆ ಬಂದರೆ, ಆ ಹೆಸರು ಕೇಳಿ ಯಾವ ಸೀಮೆ ಎಂದು ಹೇಳಲಾಗುವುದಿಲ್ಲ ಎಂಬುದು ನಿಮಗೆ ಕೊರತೆಯಾಗಿ ಕಾಣುತ್ತದೆ. ಯಾವ ಜಾತಿ ಎಂದು ಹೇಳಲಾಗುವುದಿಲ್ಲ ಎಂಬುದು ಬಾಡಿಗೆ ಮನೆ ಹುಡುಕುವ, ಸಂದರ್ಶನಕ್ಕೆ ಹೋಗುವ ನಮ್ಮ ಮಕ್ಕಳಿಗೆ ಉಸಿರಾಡಲು ಸಿಕ್ಕ ಜಾಗ. ಎರಡೂ ಒಂದೇ ಬದಲಾವಣೆಯ ಫಲ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವುದು ಹೇಗೆಂದು ನಾನೂ ಯೋಚಿಸುತ್ತಿದ್ದೇನೆ, ಏಕೆಂದರೆ ಮಾದಪ್ಪನ ಮೇಲಿನ ಭಕ್ತಿ ನಮ್ಮ ಮನೆಯಲ್ಲೇನೂ ಕಡಿಮೆಯಾಗಿಲ್ಲ.

ಪುತ್ತೂರಿನಿಂದ

ಕೊಳ್ಳೇಗಾಲದವರ ಮಾತಿಗೆ ತುಳುನಾಡಿನಿಂದ ಒಂದು ಸಾಕ್ಷಿ ಕೊಡುತ್ತೇನೆ. ನಮ್ಮಲ್ಲಿ ದುಡಿಯುವ ಸಮುದಾಯಗಳ ಮಕ್ಕಳಿಗೆ ಹುಟ್ಟಿದ ವಾರದ ಹೆಸರನ್ನೇ ಇಡುತ್ತಿದ್ದರು. ಭಾನುವಾರ ಹುಟ್ಟಿದವನು ಐತ, ಸೋಮವಾರ ಸೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಹೆಸರಿಗಾಗಿ ಪಂಚಾಂಗ ತೆರೆಯಲು ಅವಕಾಶವಿಲ್ಲದವರಿಗೆ ವಾರವೇ ಪಂಚಾಂಗ. ಐತಪ್ಪ, ತನಿಯಪ್ಪ, ಕೊರಗಪ್ಪ ಎಂದು ‘ಅಪ್ಪ’ ಸೇರಿಸಿಕೊಂಡದ್ದೇ ಒಂದು ಮೆಟ್ಟಿಲು ಏರಿದಂತಾಗಿತ್ತು. ಅವರ ಮಕ್ಕಳು ಹರೀಶ, ಸತೀಶ, ದಿನೇಶ ಆದರು, ಮೊಮ್ಮಕ್ಕಳು ಧನುಷ್, ತನ್ವಿ ಆಗಿದ್ದಾರೆ. ತುಕ್ರ ಎಂಬ ಹೆಸರನ್ನು ಮಗುವಿಗೆ ಇಡುವವರು ನನಗೆ ತಿಳಿದಂತೆ ಈಗ ಯಾರೂ ಇಲ್ಲ. ಇಡಬೇಕೆಂದು ಹೇಳುವ ಹಕ್ಕು ಹೊರಗಿನವರಿಗೂ ಇಲ್ಲ.

ಶಾಸನಾಸಕ್ತ, ಹಾಸನ

ಗದಗಿನ ಶಿಕ್ಷಕಿಯವರು ‘ಅವ್ವ’ ಮರೆಯಾದ ಬಗೆಯನ್ನು ಬರೆದದ್ದನ್ನು ಓದಿದಾಗ ನಮ್ಮ ಜಿಲ್ಲೆಯ ಶ್ರವಣಬೆಳಗೊಳದ ಶಾಸನಗಳು ನೆನಪಾದವು. ಹತ್ತನೆಯ ಶತಮಾನದ ಹೆಂಗಸರು ಅತ್ತಿಮಬ್ಬೆ, ಗುಂಡಮಬ್ಬೆ. ಪಂಪನ ತಾಯಿ ಅಬ್ಬಣಬ್ಬೆ. ಹೊಯ್ಸಳರ ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ. ಪಟ್ಟದರಸಿ ಶಾಂತಲೆಯ ತಾಯಿ ಮಾಚಿಕಬ್ಬೆ, ತಂದೆ ಮಾರಸಿಂಗಯ್ಯ. ತಾಯಿ ಮಾಚಿಕಬ್ಬೆ, ಮಗಳು ಶಾಂತಲೆ ಎಂಬಲ್ಲಿಯೇ ಒಂದು ತಲೆಮಾರಿನ ಬದಲಾವಣೆ ಕಾಣುತ್ತದೆ. ಅವಳ ಗಂಡ ಬಿಟ್ಟಿದೇವ ವಿಷ್ಣುವರ್ಧನ ಎಂಬ ಹೆಸರಿನಿಂದ ಪ್ರಸಿದ್ಧನಾದ. ಒಂಬೈನೂರು ವರ್ಷಗಳ ಹಿಂದೆಯೂ ಅರಮನೆಯ ಹತ್ತಿರ ಬಂದವರ ಹೆಸರು ಸಂಸ್ಕೃತದ ಕಡೆಗೆ ಸರಿಯುತ್ತಿತ್ತು ಎಂದು ನನಗೆ ಅನಿಸುತ್ತದೆ. ‘ಅಬ್ಬೆ’ ಹೋದಂತೆ ಈಗ ‘ಅವ್ವ’ ಹೋಗುತ್ತಿದೆ.

ಹತ್ತಿರದ ಕಾಲಕ್ಕೆ ಬರುವುದಾದರೆ ಕುವೆಂಪು ಅವರ ಮನೆತನಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ತಂದೆ ವೆಂಕಟಪ್ಪ, ತಾಯಿ ಸೀತಮ್ಮ. 1904ರಲ್ಲಿ ಹುಟ್ಟಿದ ಮಗ ಪುಟ್ಟಪ್ಪ. ಕುಪ್ಪಳಿ ಎಂಬ ಊರು, ವೆಂಕಟಪ್ಪ ಎಂಬ ತಂದೆ, ಎರಡೂ ಅವರ ಕಾವ್ಯನಾಮದ ಅಕ್ಷರಗಳಲ್ಲೇ ಸೇರಿಕೊಂಡಿವೆ. ಆ ಪುಟ್ಟಪ್ಪನವರು 1938ರಲ್ಲಿ ಹುಟ್ಟಿದ ತಮ್ಮ ಮಗನಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಉಳಿದ ಮಕ್ಕಳು ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತೇಜಸ್ವಿಯವರ ಹೆಣ್ಣುಮಕ್ಕಳು ಸುಸ್ಮಿತಾ, ಈಶಾನ್ಯೆ. ಮಲೆನಾಡಿನ ಒಂದು ಒಕ್ಕಲು ಮನೆಯಲ್ಲಿ ದೇವರ ಹೆಸರು ಹೋಗಿ ಚಂದ್ರ, ಕೋಗಿಲೆ, ದಿಕ್ಕು ಬಂದವು. ಇಲ್ಲಿ ಕವಿಯ ಕಲ್ಪನೆ ಕೆಲಸ ಮಾಡಿದೆ, ನಿಜ. ಶೂದ್ರರ ಮಕ್ಕಳಿಗೂ ಭಾಷೆಯ ಅತ್ಯುತ್ತಮ ಮಾತು ಸಲ್ಲಬೇಕೆಂಬ ಹಟವೂ ಕೆಲಸ ಮಾಡಿದೆ ಎಂದು ನಾನು ನಂಬುತ್ತೇನೆ.

ಪಂಚಾಂಗದ ಮನೆ, ಶಿವಮೊಗ್ಗ

ಪೌರೋಹಿತ್ಯ ನಮ್ಮ ಮನೆಯ ವೃತ್ತಿ. ನಾಮಕರಣಕ್ಕೆ ಕರೆಯುವವರ ಅಪೇಕ್ಷೆಗಳು ಹೇಗೆ ಬದಲಾದವು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ಪಾದಗಳಂತೆ 108 ಅಕ್ಷರಗಳಿವೆ. ಅಶ್ವಿನಿಗೆ ಚು, ಚೆ, ಚೊ, ಲ ಎಂಬಂತೆ ಕೆಲವು ಸುಲಭ. ಆದರೆ ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಉತ್ತರಾಭಾದ್ರಕ್ಕೆ ದು, ಥ, ಝ, ಞ. ಙಕಾರದಿಂದ, ಣಕಾರದಿಂದ ಆರಂಭವಾಗುವ ಹೆಸರು ಎಲ್ಲಿದೆ? ಹಿಂದಿನವರಿಗೆ ಇದು ಸಮಸ್ಯೆಯಾಗಿರಲಿಲ್ಲ, ಏಕೆಂದರೆ ನಕ್ಷತ್ರನಾಮ ಬೇರೆ, ವ್ಯವಹಾರದ ಹೆಸರು ಬೇರೆ. ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಎರಡನ್ನೂ ಬರೆಯಿಸುತ್ತಿದ್ದೆವು. ಊರಿಗೆ ತಿಳಿಯುತ್ತಿದ್ದುದು ಅಜ್ಜನ ಅಥವಾ ಮನೆದೇವರ ಹೆಸರು ಮಾತ್ರ. ಈಗಿನ ತಂದೆ ತಾಯಿಯರು ಕರೆಯುವ ಹೆಸರೇ ನಕ್ಷತ್ರದ ಅಕ್ಷರದಿಂದ ಆರಂಭವಾಗಬೇಕು ಎನ್ನುತ್ತಾರೆ. ಅದರ ಜೊತೆಗೆ ಎರಡು ಮೂರು ಅಕ್ಷರ ಮೀರಬಾರದು, ಬಂಧುಗಳಲ್ಲಿ ಯಾರಿಗೂ ಇರಬಾರದು, ಇಂಗ್ಲಿಷಿನಲ್ಲಿ ಬರೆದಾಗ ಸಂಖ್ಯಾಶಾಸ್ತ್ರದ ಮೊತ್ತವೂ ಸರಿಬರಬೇಕು. ಇಷ್ಟೆಲ್ಲ ಷರತ್ತುಗಳಿಗೆ ಒಪ್ಪುವ ಹೆಸರು ನಿಘಂಟಿನಲ್ಲಿ ಸಿಗದಿದ್ದಾಗ ಹೊಸದನ್ನು ಕಟ್ಟುತ್ತಾರೆ. ಅರ್ಥವಿಲ್ಲದ ಶಬ್ದಕ್ಕೆ ಅರ್ಥ ಹೇಳಿರೆಂದು ನಮ್ಮನ್ನು ಕೇಳಿದಾಗ ಇಲ್ಲವೆಂದು ವಿನಯದಿಂದ ತಿಳಿಸುತ್ತೇನೆ. ಸುಳ್ಳು ಅರ್ಥ ಕಟ್ಟಿಕೊಡುವುದು ಮಗುವಿಗೆ ಮಾಡುವ ಅನ್ಯಾಯ.

ಮನೆಯಲ್ಲಿ ಮಕ್ಕಳ ಸಂಖ್ಯೆಯೂ ಮುಖ್ಯ ಕಾರಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರಲ್ಲಿ ಕರ್ನಾಟಕದ ಒಟ್ಟು ಫಲವತ್ತತೆಯ ದರ 1.7. ಎಂಟು ಮಕ್ಕಳಿದ್ದ ಮನೆಯಲ್ಲಿ ಇಬ್ಬರು ಅಜ್ಜಂದಿರಿಗೆ, ಇಬ್ಬರು ಅಜ್ಜಿಯರಿಗೆ, ಮನೆದೇವರಿಗೆ, ಹರಕೆಗೆ ಎಂದು ಹಂಚಿದರೂ ಹೆಸರಿಗೆ ಮಕ್ಕಳು ಮಿಗುತ್ತಿದ್ದರು. ಒಂದೇ ಮಗುವಿರುವಲ್ಲಿ ಯಾವ ಅಜ್ಜನ ಹೆಸರಿಡುವುದು? ಯಾರದ್ದೂ ಬೇಡವೆಂಬ ತೀರ್ಮಾನವೇ ಮನೆಯಲ್ಲಿ ಶಾಂತಿ ಉಳಿಸುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಕಾಲದಲ್ಲಿ ಮಗುವನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪ ಎಂದೋ, ಮೃತ್ಯುವಿನ ಕಣ್ಣು ತಪ್ಪಿಸಲು ಗುಂಡ, ಕಲ್ಲ, ಹುಚ್ಚ ಎಂದೋ ಕರೆಯುತ್ತಿದ್ದರು. ಲಸಿಕೆ ಮತ್ತು ಆಸ್ಪತ್ರೆಯ ಹೆರಿಗೆ ಬಂದ ಮೇಲೆ ಆ ಭಯ ತಗ್ಗಿತು, ಆ ಹೆಸರುಗಳಿಗೆ ಇದ್ದ ಕಾರಣವೂ ಹೋಯಿತು. ಇದಕ್ಕಾಗಿ ಸಂತೋಷಪಡಬೇಕು.

ನೋಂದಣಿ ವಿಭಾಗದ ನಿವೃತ್ತ ನೌಕರ, ದಾವಣಗೆರೆ

ಕಚೇರಿಯ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಹಿಂದೆ ಹೆಸರು ಶಾಶ್ವತವಾಗುತ್ತಿದ್ದುದು ಶಾಲೆಗೆ ಸೇರಿಸುವ ದಿನ. ಹೆಡ್‌ಮಾಸ್ತರರು ಜೂನ್ 1 ಎಂದು ಹುಟ್ಟಿದ ದಿನಾಂಕ ಬರೆದುಕೊಳ್ಳುವಾಗಲೇ ಕೆಂಚನನ್ನು ಕೃಷ್ಣಮೂರ್ತಿ, ತಿಪ್ಪನನ್ನು ತಿಪ್ಪೇಸ್ವಾಮಿ ಮಾಡಿದ್ದುಂಟು. ಎಷ್ಟೋ ಮನೆಗಳಲ್ಲಿ ಹೆಸರಿನ ಆಧುನಿಕತೆ ಮೇಷ್ಟರ ಕೈಯಿಂದಲೇ ಬಂದದ್ದು.

ಈಗ ಅಷ್ಟು ಕಾಲ ಕಾಯುವಂತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರಿಲ್ಲದೆಯೂ ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಅನಂತರ ತಡಶುಲ್ಕ ಕೊಟ್ಟು ಹದಿನೈದು ವರ್ಷಗಳವರೆಗೆ ಅವಕಾಶವಿದೆ. 2023ರ ತಿದ್ದುಪಡಿಯ ಬಳಿಕ, ಅದೇ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕ ಮತ್ತು ಸ್ಥಳದ ಆಧಾರ. ಹೀಗಾಗಿ ಮನೆಯ ಹೆಸರು, ಶಾಲೆಯ ಹೆಸರು, ಪಡಿತರ ಚೀಟಿಯ ಹೆಸರು ಎಂದು ಒಬ್ಬನೇ ಮೂರು ಹೆಸರು ಹೊತ್ತು ಬದುಕುತ್ತಿದ್ದ ಕಾಲ ಮುಗಿದಿದೆ. ಕಾಗುಣಿತವನ್ನು ಮೊದಲ ದಿನವೇ ಎಚ್ಚರದಿಂದ ಬರೆಯಿಸಿ ಎಂದು ಎಲ್ಲ ತಂದೆ ತಾಯಿಯರಲ್ಲಿ ನನ್ನ ವಿನಂತಿ.

ಕನ್ನಡತಿ, ನ್ಯೂಜೆರ್ಸಿ

ಮೂಲತಃ ಮೈಸೂರಿನವಳು. ಇಲ್ಲಿ ನಾವು ಹೆಸರು ಹುಡುಕುವಾಗ ಮೊದಲು ಮಾಡುವುದು ಇಲ್ಲಿನ ಶಿಕ್ಷಕರು ಉಚ್ಚರಿಸಲಾರದ ಧ್ವನಿಗಳನ್ನು ಬಿಡುವುದು. ಳ, ಣ, ಠ, ಒತ್ತಕ್ಷರ, ಮಹಾಪ್ರಾಣ ಎಲ್ಲವೂ ಹೋಗುತ್ತವೆ. ಹಾಗೆ ಹೋದರೆ ಮಂಜುಳಾ ಇಲ್ಲ, ತುಳಸಿ ಇಲ್ಲ, ವೀಣಾ ಇಲ್ಲ. ಮಾಯಾ, ಅನಿಕಾ, ರೋಹನ್, ನೀಲ್ ಉಳಿಯುತ್ತವೆ. ಅರ್ಜಿಗಳಲ್ಲಿ ಕೊನೆಯ ಹೆಸರು ಕಡ್ಡಾಯವಾದ್ದರಿಂದ ಗಂಡನ ಸ್ವಂತ ಹೆಸರೋ ಮಾವನವರ ಹೆಸರೋ ಇದ್ದಕ್ಕಿದ್ದಂತೆ ಕುಲನಾಮವಾಗಿ, ಇನ್ನು ಮುಂದಿನ ತಲೆಮಾರುಗಳಿಗೂ ಸಾಗುತ್ತದೆ. ನಾವು ಮಗಳಿಗೆ ನಡುವಿನ ಹೆಸರಾಗಿ ನನ್ನ ಅಜ್ಜಿಯ ಹೆಸರನ್ನು ಇಟ್ಟಿದ್ದೇವೆ. ಕೊಡಗಿನವರು ಈ ದಾರಿಯನ್ನು ಎಂದೋ ಕಂಡುಕೊಂಡಿದ್ದಾರೆ ಎಂದು ನನಗೆ ಅನಿಸುತ್ತದೆ: ರೋಹನ್ ಬೋಪಣ್ಣ, ಅಶ್ವಿನಿ ಪೊನ್ನಪ್ಪ ಎಂಬಲ್ಲಿ ಮೊದಲರ್ಧ ಎಲ್ಲಿಯದಾದರೂ ಆಗಿರಲಿ, ಎರಡನೆಯದು ಕೊಡಗಿನದೇ.

ಗದಗಿನ ಶಿಕ್ಷಕಿ

ಮತ್ತೊಂದು ಸಂಗತಿ. ಇತ್ತೀಚೆಗೆ ಸಿರಿ, ಇಂಚರ, ಇಬ್ಬನಿ, ಮುಗಿಲು, ನೇಸರ ಎಂಬ ಅಚ್ಚಗನ್ನಡ ಹೆಸರುಗಳೂ ರುದ್ರ, ನೀಲಾ, ಅಲ್ಲಮ ಎಂಬ ಹಳೆಯ ಹೆಸರುಗಳೂ ತರಗತಿಯಲ್ಲಿ ಕಾಣಿಸುತ್ತಿವೆ. ಆದರೆ ಮರಳಿ ಬರುತ್ತಿರುವವು ಬಾಲ ಕಳಚಿಕೊಂಡೇ ಬರುತ್ತಿವೆ. ರುದ್ರ ಬಂದ, ರುದ್ರಪ್ಪ ಬರಲಿಲ್ಲ. ನೀಲಾ ಬಂದಳು, ನೀಲವ್ವ ಬರಲಿಲ್ಲ. ಹೀಗೆ ಇಡುವವರು ಹೆಚ್ಚಾಗಿ ಓದಿದ ಪಟ್ಟಣವಾಸಿಗಳು. ನೀಲವ್ವನ ಸ್ವಂತ ಮೊಮ್ಮಗಳು ಮಾತ್ರ ಸಾನ್ವಿಯಾಗಿಯೇ ಇದ್ದಾಳೆ. ಹೆಸರಿನಿಂದ ಎಂದೂ ಅವಮಾನ ಅನುಭವಿಸದವರಿಗೆ ಹಳೆಯ ಹೆಸರು ಚೆಂದವಾಗಿ ಕಾಣುತ್ತದೆ ಎಂಬುದು ಕೊಳ್ಳೇಗಾಲದವರ ಬರಹ ಓದಿದ ಮೇಲೆ ನನಗೆ ಇನ್ನಷ್ಟು ಸ್ಪಷ್ಟವಾಗಿದೆ.

ತೋಟದಮನೆ, ತಿಪಟೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟನ್ನು ಓದಿದ ಮೇಲೆ ನನಗೆ ಒಂದು ಕೆಲಸ ಮಾಡಬೇಕೆನಿಸಿದೆ. ನಮ್ಮೂರಿನ ಎಪ್ಪತ್ತು ದಾಟಿದವರೆಲ್ಲರನ್ನೂ ಕಂಡು, ಅವರ ಹೆಸರು ಯಾವ ದೇವರದು ಅಥವಾ ಯಾವ ಹಿರಿಯರದು, ಇಟ್ಟವರು ಯಾರು, ಏಕೆ ಇಟ್ಟರು ಎಂದು ಬರೆದಿಡುತ್ತೇನೆ. ಹೆಸರು ಮುಂದುವರಿಯದಿದ್ದರೂ ಅದರ ಹಿಂದಿನ ವಿವರ ಉಳಿಯಲಿ. ಬೇರೆ ಊರಿನವರೂ ಹೀಗೆ ಬರೆದು ಇಲ್ಲಿ ಸೇರಿಸಿದರೆ ಸೀಮೆವಾರು ಒಂದು ಒಳ್ಳೆಯ ದಾಖಲೆಯಾದೀತು.

ಕೊಳ್ಳೇಗಾಲದ ಓದುಗ

ನಮ್ಮ ಕಡೆಯದನ್ನು ನಾನು ಬರೆದುಕೊಡುತ್ತೇನೆ. ಒಂದೇ ಕೋರಿಕೆ: ದಾಖಲೆಯಲ್ಲಿ ಎರಡು ಕಾಲಂಗಳಿರಲಿ. ತಾಯಿ ತಂದೆ ಇಟ್ಟ ಹೆಸರು ಒಂದರಲ್ಲಿ, ಊರಿನ ಮೇಲಿನ ಬೀದಿಯವರು ಕರೆಯುತ್ತಿದ್ದ ರೂಪ ಇನ್ನೊಂದರಲ್ಲಿ. ಮಾದಯ್ಯ ಎಂಬುದರ ಪಕ್ಕದಲ್ಲಿ ಮಾದ ಎಂಬುದೂ ಇರಬೇಕು; ಇಲ್ಲದಿದ್ದರೆ ನಮ್ಮವರು ತಮ್ಮ ಮಕ್ಕಳಿಗೆ ಆ ಹೆಸರನ್ನು ಏಕೆ ಇಡಲಿಲ್ಲವೆಂದು ಮುಂದೆ ಓದುವವರಿಗೆ ತಿಳಿಯುವುದಿಲ್ಲ.

ತೋಟದಮನೆ, ತಿಪಟೂರು

ಖಂಡಿತ, ಎರಡು ಕಾಲಂ ಇರುತ್ತವೆ. ನಮ್ಮ ಊರಿನ ಎರಡನೆಯ ಕಾಲಂ ತುಂಬಲು ನಾನು ಮೇಲಿನ ಬೀದಿಯವರನ್ನಲ್ಲ, ಹಾಗೆ ಕರೆಸಿಕೊಂಡವರನ್ನೇ ಕೇಳುತ್ತೇನೆ.